ತಟ್ಟೆ ನೋಡಿ ಬಾಟಲಿ ತೆರೆಯಿರಿ: ಪೋರ್ಚುಗೀಸ್ ವೈನ್ ಸವಿಯುವವರಿಗೆ ಸೂತ್ರಗಳು

ಪೋರ್ಚುಗಲ್ ಕರ್ನಾಟಕದ ಅರ್ಧದಷ್ಟೂ ವಿಸ್ತೀರ್ಣವಿಲ್ಲದ ದೇಶ. ಅಲ್ಲಿ ಆ ನೆಲದ್ದೇ ಆದ ದ್ರಾಕ್ಷಿ ತಳಿಗಳು 250ಕ್ಕೂ ಹೆಚ್ಚು. ಕ್ಯಾಬರ್ನೆ, ಶಾರ್ಡೊನೆ ಎಂಬ ಎರಡು ಹೆಸರು ಕಲಿತು ಅಂಗಡಿಗೆ ಹೋದವರಿಗೆ ಪೋರ್ಚುಗೀಸ್ ಬಾಟಲಿಗಳ ಸಾಲು ಕಂಡರೆ ದಿಕ್ಕು ತೋಚುವುದಿಲ್ಲ. ಧೈರ್ಯ ಮಾಡಿ ಒಂದನ್ನು ಕೊಂಡವರೂ ಬರಿ ಹೊಟ್ಟೆಯಲ್ಲಿ ಎರಡು ಗುಟುಕು ಕುಡಿದು, ‘ಹುಳಿ ಜಾಸ್ತಿ, ಒಗರು ಜಾಸ್ತಿ’ ಎಂದು ಬದಿಗಿಡುತ್ತಾರೆ. ಆ ಹುಳಿ, ಆ ಒಗರು ಇರುವುದೇ ಊಟಕ್ಕಾಗಿ. ಉಪ್ಪುಮೀನು, ಆಲಿವ್ ಎಣ್ಣೆ, ಹಂದಿಮಾಂಸ, ಕುರಿಹಾಲಿನ ಚೀಸ್ ಇವುಗಳ ಪಕ್ಕದಲ್ಲೇ ಬೆಳೆದ ವೈನ್ ಅದು. ಊಟದಿಂದ ಬೇರ್ಪಡಿಸಿ ಅದರ ಯೋಗ್ಯತೆ ಅಳೆಯುವುದು ಅನ್ಯಾಯ. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತನ್ನು ನಂಬಿ ಬರೆದವು.

1. ತಳಿ ಬಿಡಿ, ಸೀಮೆ ಹಿಡಿಯಿರಿ

ಒಂದೇ ದ್ರಾಕ್ಷಿಗೆ ಡೌರೊ ಕಣಿವೆಯಲ್ಲಿ ಟಿಂಟಾ ರೊರಿಜ್ ಎನ್ನುತ್ತಾರೆ, ಅಲೆಂಟೆಜೊದಲ್ಲಿ ಅರಗೊನೆಜ್ ಎನ್ನುತ್ತಾರೆ, ಗಡಿ ದಾಟಿ ಸ್ಪೇನಿಗೆ ಹೋದರೆ ಅದೇ ಟೆಂಪ್ರನಿಯೊ. ಮೇಲಾಗಿ ಇಲ್ಲಿನ ಹೆಚ್ಚಿನ ವೈನ್‌ಗಳು ಹಲವು ತಳಿಗಳ ಮಿಶ್ರಣ. ಡೌರೊದ ಹಳೆಯ ತೋಟಗಳಲ್ಲಿ ಒಂದೇ ಸಾಲಿನಲ್ಲಿ ಬೇರೆ ಬೇರೆ ತಳಿಯ ಬಳ್ಳಿಗಳು ಬೆರೆತು ನಿಂತಿರುತ್ತವೆ. ಹಾಗಾಗಿ ಐದು ಸೀಮೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಸಾಕು. ವಾಯವ್ಯದ ಮಳೆನಾಡು ವಿನ್ಯೊ ವರ್ಡೆ: ಹಗುರ, ಹುಳಿ, ಕೆಲವೊಮ್ಮೆ ನಾಲಿಗೆಯ ಮೇಲೆ ಸಣ್ಣ ಚುರುಗುಟ್ಟುವಿಕೆ. ಪದರುಗಲ್ಲಿನ ಕಡಿದಾದ ಮೆಟ್ಟಿಲು ತೋಟಗಳ ಡೌರೊ: ಗಾಢ, ಮೈತುಂಬಿದ ಕೆಂಪು. ಬೆಟ್ಟಗಳ ನಡುವಿನ ಗ್ರಾನೈಟ್ ನೆಲದ ಡಾವೊ: ನಯ, ಸಮತೋಲ. ಕಡಲಿಗೆ ಹತ್ತಿರದ ಜೇಡಿಸುಣ್ಣದ ನೆಲ ಬೈರಾಡ: ಒಗರು, ಹುಳಿ ಎರಡೂ ಜೋರು. ದಕ್ಷಿಣದ ಬಿಸಿಲು ಬಯಲು ಅಲೆಂಟೆಜೊ: ಮಾಗಿದ ಹಣ್ಣಿನ ಮೃದು ರುಚಿ. ಮೊದಲ ಬಾಟಲಿಯಲ್ಲೇ ಸೋಲಬಾರದು ಎನ್ನುವವರು ಅಲೆಂಟೆಜೊದಿಂದ ಶುರು ಮಾಡಲಿ.

2. ಲೇಬಲ್ ಓದಲು ಐದು ಪದ

ಬ್ರಾಂಕೊ ಅಂದರೆ ಬಿಳಿ, ಟಿಂಟೊ ಅಂದರೆ ಕೆಂಪು, ಕಿಂಟಾ ಅಂದರೆ ತೋಟ. ಡಿಒಸಿ ಎಂದಿದ್ದರೆ ಆ ಸೀಮೆಯ ಕಟ್ಟುಪಾಡಿಗೆ ಒಳಪಟ್ಟ ವೈನ್. ‘ವಿನ್ಯೊ ರೆಜಿಯೊನಾಲ್’ ಎಂದಿದ್ದರೆ ಕಟ್ಟುಪಾಡು ಸಡಿಲ, ಆದರೆ ಕೀಳೆಂದು ತಿಳಿಯಬೇಡಿ. ಅಲೆಂಟೆಜೊದ ಅನೇಕ ಒಳ್ಳೆಯ ಬಾಟಲಿಗಳು ಆ ಹೆಸರಿನಲ್ಲೇ ಬರುತ್ತವೆ.

3. ಫ್ರಿಜ್ಜನ್ನು ಬಳಸಿ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಮನೆಗಳಲ್ಲಿ ಹುಟ್ಟಿದ್ದು. ಮಂಗಳೂರಿನ ಅಥವಾ ದುಬೈಯ ಕೋಣೆಗೆ ಅದು ಹೊಂದುವುದಿಲ್ಲ. 30 ಡಿಗ್ರಿಯಲ್ಲಿ ಕೆಂಪು ವೈನ್ ಬರೀ ಮದ್ಯಸಾರದಂತೆ ಮೂಗಿಗೆ ಹೊಡೆಯುತ್ತದೆ. ಸುರಿಯುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. 16ರಿಂದ 18 ಡಿಗ್ರಿ ಇದ್ದರೆ ಸರಿ. ವಿನ್ಯೊ ವರ್ಡೆಗೆ 8ರಿಂದ 10 ಡಿಗ್ರಿ. ಡಾವೊದ ತೂಕದ ಬಿಳಿ ವೈನಿಗೆ ಅಷ್ಟು ಚಳಿ ಬೇಡ, ಘಮವೆಲ್ಲ ಮುದುಡಿಹೋಗುತ್ತದೆ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಿ. ಉಳಿದ ಜಾಗ ಘಮಕ್ಕೆ.

4. ಮೊದಲು ಮೂಗು, ಆಮೇಲೆ ಬಾಯಿ

ಜಗತ್ತಿನಲ್ಲಿ ಬಿರಡೆ ಮಾಡುವ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್‌ನ ಕಾರ್ಕ್ ಓಕ್ ಮರಗಳಿಂದ ಬರುತ್ತದೆ. ಒಂದು ಮರದ ತೊಗಟೆಯನ್ನು ಒಮ್ಮೆ ಸುಲಿದರೆ ಮತ್ತೆ ಸುಲಿಯಲು 9 ವರ್ಷ ಕಾಯಬೇಕು. ಅಷ್ಟು ಜತನದ ಬಿರಡೆಯಲ್ಲೂ ಅಪರೂಪಕ್ಕೆ ದೋಷವಿರುತ್ತದೆ. ಗ್ಲಾಸಿನಿಂದ ಒದ್ದೆ ರಟ್ಟಿನ, ಬೂಷ್ಟು ಹಿಡಿದ ಮೂಲೆಯ ವಾಸನೆ ಬಂದರೆ ಅದು ಬಿರಡೆಯ ಕೆಡುಕು. ಆರೋಗ್ಯಕ್ಕೆ ತೊಂದರೆಯಿಲ್ಲ, ಆದರೆ ವೈನ್ ಸತ್ತಿದೆ. ಹೋಟೆಲಾದರೆ ಸಂಕೋಚವಿಲ್ಲದೆ ವಾಪಸ್ ಕೊಡಿ.

ಘಮವನ್ನು ಗುರುತಿಸುವಾಗ ಪರರ ಪಟ್ಟಿ ಬಾಯಿಪಾಠ ಮಾಡಬೇಡಿ. ಬ್ಲ್ಯಾಕ್‌ಬೆರ್ರಿಯನ್ನು ಮೂಸಿಯೇ ನೋಡದವರು ಅದನ್ನು ವೈನಿನಲ್ಲಿ ಹುಡುಕುವುದು ವ್ಯರ್ಥ. ನೇರಳೆ ಹಣ್ಣು, ಹುಣಸೆ, ಒಣದ್ರಾಕ್ಷಿ, ಲಿಂಬೆ ಎಲೆ, ಮಳೆಗೆ ನೆನೆದ ಮಣ್ಣು: ನಮ್ಮ ಮೂಗಿಗೆ ಗೊತ್ತಿರುವ ಹೆಸರುಗಳಲ್ಲೇ ಬರೆದಿಡಿ. ವಿನ್ಯೊ ವರ್ಡೆಯ ಲೌರೈರೊ ತಳಿಯಲ್ಲಿ ಕಿತ್ತಳೆ ಹೂವಿನ ಕಂಪು ಸಿಗುತ್ತದೆ. ದೇಶದ ಹೆಮ್ಮೆಯ ಕೆಂಪು ತಳಿ ಟೂರಿಗಾ ನಾಸಿಯೊನಾಲ್‌ಗೂ ಹೂವಿನ ಘಮವೇ ಗುರುತು.

5. ಒಂದು ಗುಟುಕು ಬರಿದೆ, ಒಂದು ಗುಟುಕು ತುತ್ತಿನ ಮೇಲೆ

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬೈರಾಡ ಸೀಮೆಯ ಮೆಯಲ್ಯಾಡ ಊರು ಹಾಲುಗುಡಿಯುವ ಹಂದಿಮರಿಯ ಸುಡುಮಾಂಸಕ್ಕೆ ಹೆಸರುವಾಸಿ. ಬೆಳ್ಳುಳ್ಳಿ, ಮೆಣಸು, ಉಪ್ಪು, ಹಂದಿಕೊಬ್ಬು ಅರೆದ ಮಸಾಲೆಯನ್ನು ಒಳಗೆ ಹಚ್ಚಿ ಸೌದೆ ಒಲೆಯಲ್ಲಿ ಸುಡುತ್ತಾರೆ. ಚರ್ಮ ಹಪ್ಪಳದಂತೆ ಗರಿಗರಿ, ಒಳಗೆ ಕೊಬ್ಬು ಜಿನುಗುವ ಮೆತ್ತನೆಯ ಮಾಂಸ. ಅದೇ ಸೀಮೆಯ ಬಾಗಾ ತಳಿಯ ಕೆಂಪು ವೈನನ್ನು ಬರಿದೆ ಒಂದು ಗುಟುಕು ಕುಡಿದು ನೋಡಿ. ಒಸಡು ಬಿಗಿಯುತ್ತದೆ, ಕೆನ್ನೆಯ ಒಳಗೆಲ್ಲ ಒಣಗಿದಂತಾಗುತ್ತದೆ. ವೈನಿಗೆ ಒಗರು ಕೊಡುವ ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಹೀಗೆ. ಈಗ ಒಂದು ತುಂಡು ಮಾಂಸ ಚರ್ಮದ ಸಮೇತ ಅಗಿಯಿರಿ, ಕೊಬ್ಬು ನಾಲಿಗೆಗೆ ಹರಡಲಿ, ಮತ್ತೆ ಗುಟುಕು ಕುಡಿಯಿರಿ. ಟ್ಯಾನಿನ್‌ಗೆ ಹಿಡಿಯಲು ಮಾಂಸದ ಪ್ರೋಟೀನು, ಕೊಬ್ಬು ಸಿಕ್ಕಿದೆ. ಒಗರು ಇಳಿದು ಅಡಗಿದ್ದ ಹಣ್ಣಿನ ರುಚಿ ಮೇಲೆ ಬರುತ್ತದೆ. ಹುಳಿ ಕೊಬ್ಬನ್ನು ತೊಳೆದು ಮುಂದಿನ ತುತ್ತಿಗೆ ಬಾಯನ್ನು ಅಣಿಮಾಡುತ್ತದೆ. ಒಂದು ನಿಮಿಷದ ಹಿಂದೆ ‘ಬೇಡ’ ಎನಿಸಿದ್ದ ವೈನೇ ಇದು. ಊರಿನವರು ಇದೇ ಮಾಂಸಕ್ಕೆ ಬೈರಾಡದ ನೊರೆಯುಕ್ಕುವ ಬಿಳಿ ವೈನನ್ನೂ ಕುಡಿಯುತ್ತಾರೆ. ಅಲ್ಲೂ ಕೆಲಸ ಮಾಡುವುದು ಹುಳಿಯೇ.

ಪ್ರತಿ ವೈನನ್ನೂ ಹೀಗೆಯೇ ಎರಡು ಸಲ ಪರೀಕ್ಷಿಸಿ. ಎರಡರ ನಡುವಿನ ವ್ಯತ್ಯಾಸವನ್ನು ಬರೆದಿಡಿ. ಇದಕ್ಕಿಂತ ಬೇಗ ಕಲಿಸುವ ಪಾಠ ನನಗೆ ಗೊತ್ತಿಲ್ಲ.

6. ಮೀನಿಗೆ ಬಿಳಿಯೇ ಎಂದು ಹಟ ಬೇಡ

ಬಕಲ್ಯಾವ್ ಎಂಬ ಒಣಗಿದ ಉಪ್ಪುಮೀನು ಪೋರ್ಚುಗೀಸರ ಮನೆಮನೆಯ ಅಡುಗೆ. ಉತ್ತರ ಅಟ್ಲಾಂಟಿಕ್‌ನ ಕಾಡ್ ಮೀನನ್ನು ಮತ್ತೆ ಮತ್ತೆ ನೀರು ಬದಲಿಸುತ್ತ ಒಂದೆರಡು ದಿನ ನೆನೆಸಿ, ಆಲೂಗಡ್ಡೆ, ಈರುಳ್ಳಿ, ಧಾರಾಳ ಆಲಿವ್ ಎಣ್ಣೆಯ ಜೊತೆ ಬೇಯಿಸುತ್ತಾರೆ. ಈ ಉಪ್ಪು, ಎಣ್ಣೆ, ಗಟ್ಟಿ ಮಾಂಸದ ಎದುರು ತೆಳ್ಳನೆಯ ಬಿಳಿ ವೈನ್ ನಿಲ್ಲುವುದಿಲ್ಲ. ಡಾವೊದ ಎನ್‌ಕ್ರುಜಾಡೊ ತಳಿಯ ಬಿಳಿ ಸೊಗಸಾಗಿ ಹೊಂದುತ್ತದೆ. ಒಗರು ಕಡಿಮೆಯಿರುವ ಕೆಂಪೂ ಆದೀತು. ಸುಟ್ಟ ಭೂತಾಯಿಯ ಮಾತು ಬೇರೆ. ಜೂನ್ ತಿಂಗಳ ಸಂತ ಅಂತೋನಿ ಹಬ್ಬಕ್ಕೆ ಲಿಸ್ಬನ್‌ನ ಬೀದಿಬೀದಿಗಳಲ್ಲಿ ಅದರ ಹೊಗೆ ತುಂಬಿರುತ್ತದೆ. ಎಣ್ಣೆಯಂಶದ ಮೀನಿನ ಜೊತೆ ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಸೇರಿದರೆ ಬಾಯಲ್ಲಿ ಕೆಟ್ಟ ಮೀನುವಾಸನೆ ಉಳಿಯುತ್ತದೆ. ಅಲ್ಲಿ ತಣ್ಣನೆಯ ವಿನ್ಯೊ ವರ್ಡೆಯೇ ಗತಿ.

7. ಖಾರಕ್ಕೆ ಮದ್ಯಸಾರ ತುಪ್ಪವಲ್ಲ, ಬೆಂಕಿ

ಮೆಣಸಿನಕಾಯಿಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿದ ಅವರ ಹಂದಿಮಾಂಸವೇ ಗೋವಾದಲ್ಲಿ ವಿಂದಾಲೂ ಆಯಿತು, ವೈನಿನ ಜಾಗಕ್ಕೆ ಕಳ್ಳಿನ ವಿನೆಗರ್ ಬಂತು. ಮಂಗಳೂರಿನ ಕ್ಯಾಥೊಲಿಕ್ ಮನೆಗಳ ಸೊರ್ಪೊತೆಲ್ ಕೂಡ ಅದೇ ಬಳಗದ್ದು. ನೆಂಟಸ್ತನ ಇದೆಯೆಂದು ಈ ಅಡುಗೆಗಳಿಗೆ ಡೌರೊದ ಶೇ. 14ರ ಕೆಂಪು ವೈನ್ ತೆರೆದರೆ ಊಟ ಕೆಡುತ್ತದೆ. ಮದ್ಯಸಾರ ಖಾರವನ್ನು ಇಮ್ಮಡಿಸುತ್ತದೆ, ಒಗರು ಅದಕ್ಕೆ ಜೊತೆಗೂಡುತ್ತದೆ. ಶೇ. 11ರ ಒಳಗಿನ ಮದ್ಯಸಾರ, ತುಸು ಸಿಹಿ, ಚೆನ್ನಾಗಿ ತಣಿಸಿದ ವಿನ್ಯೊ ವರ್ಡೆ ಅಥವಾ ಗುಲಾಬಿ ಬಣ್ಣದ ರೋಸೆ: ಖಾರದ ಊಟಕ್ಕೆ ನನ್ನ ಆಯ್ಕೆ ಇವೆರಡೇ.

8. ಸಸ್ಯಾಹಾರಿಗಳು ಹಿಂಜರಿಯಬೇಕಿಲ್ಲ

ಅಲೆಂಟೆಜೊದ ಅಡುಗೆಯಲ್ಲಿ ನಮ್ಮಂತೆಯೇ ಕೊತ್ತಂಬರಿ ಸೊಪ್ಪು ಕೈತುಂಬ ಬೀಳುತ್ತದೆ. ಬೆಳ್ಳುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆಯನ್ನು ಜಜ್ಜಿ ಬಿಸಿನೀರು ಹೊಯ್ದು ಹಳೆಯ ಬ್ರೆಡ್ಡನ್ನು ನೆನೆಸುವ ಅಸೋರ್ಡ ಅಲ್ಲಿನ ಬಡವರ ಊಟ. ಮೊಟ್ಟೆ ಬೇಡವೆಂದು ಮೊದಲೇ ಹೇಳಿ. ಅದಕ್ಕೆ ಅದೇ ಸೀಮೆಯ ಬಿಳಿ ವೈನ್ ಹಿತ. ಸೆರಾ ದ ಎಸ್ಟ್ರೆಲಾ ಬೆಟ್ಟದ ಕುರಿಹಾಲಿನ ಚೀಸ್ ಕಟ್ಟುವುದು ಪ್ರಾಣಿಜನ್ಯ ರೆನೆಟ್‌ನಿಂದಲ್ಲ, ಒಂದು ಮುಳ್ಳುಗಿಡದ ಹೂವಿನಿಂದ. ಒಳಗೆ ಬೆಣ್ಣೆಯಂತೆ ಮೃದುವಾಗಿರುವ ಆ ಚೀಸಿಗೆ ಡಾವೊದ ಕೆಂಪು ಸರಿಜೋಡಿ. ಒಂದು ಎಚ್ಚರಿಕೆ: ಕೆಲವು ವೈನ್‌ಗಳನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ. ಕಟ್ಟುನಿಟ್ಟಿನವರು ಬಾಟಲಿಯ ಮೇಲೆ ‘ವೀಗನ್’ ಗುರುತು ನೋಡಿ ಕೊಳ್ಳಲಿ.

9. ಪೋರ್ಟ್: ಸಣ್ಣ ಗ್ಲಾಸು, ನಿಧಾನ

ಡೌರೊ ಕಣಿವೆಗೆ 1756ರಲ್ಲೇ ಅಂದಿನ ಮಂತ್ರಿ ಪೊಂಬಾಲ್ ಮಾರ್ಕ್ವಿಸ್ ಗಡಿ ಗುರುತಿಸಿದ್ದು ಪೋರ್ಟ್ ವೈನಿನ ಹೆಸರು ಕೆಡದಿರಲೆಂದು. ರಸ ಹುದುಗುತ್ತಿರುವಾಗಲೇ ಶೇ. 77ರ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಹುದುಗುವಿಕೆ ಅಲ್ಲಿಗೇ ನಿಂತು ಹಣ್ಣಿನ ಸಕ್ಕರೆ ಉಳಿಯುತ್ತದೆ. ಮದ್ಯಸಾರ ಸುಮಾರು ಶೇ. 20 ಇರುವುದರಿಂದ ಮಾಮೂಲಿ ವೈನಿನ ಅಳತೆಯಲ್ಲಿ ಸುರಿಯಬಾರದು.

ಬಗೆಗಳಲ್ಲಿ ಎರಡು ದಾರಿ. ರೂಬಿ ಬಳಗ ಕೆಂಪಾಗಿ, ಹಣ್ಣುಹಣ್ಣಾಗಿ ಇರುತ್ತದೆ. ನೀಲಿ ಬೂಷ್ಟಿನ ಚೀಸ್, ಕಪ್ಪು ಚಾಕೊಲೇಟ್‌ಗೆ ಹೇಳಿ ಮಾಡಿಸಿದ್ದು. ಟಾನಿ ಬಳಗ ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿಯಾಡಿ ಕಂದು ತಿರುಗುತ್ತದೆ. ಬಾದಾಮಿ, ಅಕ್ರೋಟು, ಕ್ಯಾರಮೆಲ್ ಹಾಕಿದ ತಿನಿಸಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ತಿನಿಸು ವೈನಿಗಿಂತ ಸಿಹಿಯಾಗಿರಬಾರದು ಎಂಬ ನಿಯಮ ಮಾತ್ರ ಮುರಿಯಬೇಡಿ. ಜಾಮೂನಿನ ಪಾಕದ ಎದುರು ಎಂಥ ಪೋರ್ಟ್ ಆದರೂ ಸಪ್ಪೆ. ವಿಂಟೇಜ್ ಪೋರ್ಟ್ ತಳದಲ್ಲಿ ಮಡ್ಡಿ ಕಟ್ಟುತ್ತದೆ. ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಒಂದೆರಡು ದಿನದಲ್ಲಿ ಮುಗಿಸಿ. ಟಾನಿ ಫ್ರಿಜ್ಜಿನಲ್ಲಿ ವಾರಗಟ್ಟಲೆ ಉಳಿಯುತ್ತದೆ.

10. ಬಿಸಿಲು ನಾಡಿನವರಿಗೆ ಮಡೇರಾ

ಎಲ್ಲ ವೈನಿನ ಶತ್ರುವಾದ ಶಾಖವೇ ಮಡೇರಾ ದ್ವೀಪದ ವೈನಿಗೆ ಗುರು. ಉಷ್ಣವಲಯ ದಾಟಿದ ಹಡಗುಗಳಲ್ಲಿ ಕಾದು ಬಂದ ಪೀಪಾಯಿಗಳ ರುಚಿ ಹೆಚ್ಚಿದ್ದನ್ನು ಕಂಡು, ಆಮೇಲೆ ಬೇಕೆಂದೇ ಕಾಯಿಸತೊಡಗಿದರು. ಈಗಲೂ ಕೆಲವನ್ನು ಬಿಸಿ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ, ಉತ್ತಮವಾದವನ್ನು ಅಟ್ಟದ ಬಿಸುಪಿನಲ್ಲಿ ವರ್ಷಗಟ್ಟಲೆ ಮಾಗಿಸುತ್ತಾರೆ. ತೆರೆದ ಬಾಟಲಿ ತಿಂಗಳುಗಳವರೆಗೆ ಕೆಡದು. ಸೆರ್ಸಿಯಲ್, ವೆರ್ಡೆಲ್ಯೊ, ಬುವಲ್, ಮಾಲ್ವಸಿಯಾ: ಮಡೇರಾದ ಈ ತಳಿಗಳಲ್ಲಿ ಇದೇ ಕ್ರಮದಲ್ಲಿ ಸಿಹಿ ಏರುತ್ತದೆ. ಮೊದಲನೆಯದು ಸೂಪಿಗೆ, ಕೊನೆಯದು ಊಟದ ಕೊನೆಗೆ.

11. ಉಗುಳಲು ನಾಚಬೇಡಿ

ಪೋರ್ಟೊ ನಗರದ ಎದುರಿನ ವಿಲಾ ನೋವಾ ದ ಗಾಯದಲ್ಲಿ ಪೋರ್ಟ್ ಉಗ್ರಾಣಗಳು ಸಾಲಾಗಿವೆ. ಅಲ್ಲಿ ಒಂದರ ಹಿಂದೊಂದು ರುಚಿ ನೋಡುವಾಗ ಉಗುಳುವುದು ಕಸುಬಿನವರ ರೂಢಿ. ಹಗುರದಿಂದ ಗಾಢಕ್ಕೆ, ಹುಳಿಯಿಂದ ಸಿಹಿಗೆ ಹೋಗಿ. ನಡುವೆ ನೀರು ಕುಡಿಯಿರಿ. ಅತ್ತರು ಹಚ್ಚಿಕೊಂಡು ಹೋಗಬೇಡಿ. ಕಾರಿನ ಕೀಲಿ ಕುಡಿಯದವರ ಕೈಯಲ್ಲಿರಲಿ.

ಮೊದಲ ಸಲಕ್ಕೆ ಮೂರೇ ಬಾಟಲಿ ಕೊಳ್ಳುವುದಾದರೆ ಹೀಗೆ ಮಾಡಿ: ಸುಟ್ಟ ಮೀನಿಗೋ ಲಿಂಬೆ ಹಿಂಡಿದ ಕೋಸಂಬರಿಗೋ ಒಂದು ವಿನ್ಯೊ ವರ್ಡೆ, ಮಾಂಸಕ್ಕೋ ಗಟ್ಟಿ ಚೀಸಿಗೋ ಡಾವೊದ ಒಂದು ಕೆಂಪು, ಊಟದ ಕೊನೆಗೆ ಹುರಿದ ಬಾದಾಮಿಯ ಜೊತೆ 10 ವರ್ಷದ ಟಾನಿ. ಮೂರನ್ನೂ ಒಂದೇ ರಾತ್ರಿ ತೆರೆಯಬೇಡಿ, ಒಬ್ಬರೇ ಕೂತು ತೆರೆಯಬೇಡಿ.