ಒದ್ದೆ ಕೈಯ ಲೆಕ್ಕ: ನೀರಗಂಟಿಗಳ ಗಮನಕ್ಕೆ

ಬಾಗಲವಾಡದಂತಹ ಗ್ರಾಮಗಳಲ್ಲಿ ಕುಡಿಯುವ ನೀರಿನ ಪಂಪ್ ನಿರ್ವಹಿಸುವ ಪ್ರತಿಯೊಬ್ಬ ನೀರಗಂಟಿಯೂ ಈ ಲೆಕ್ಕವನ್ನು ಅರಿತಿರತಕ್ಕದ್ದು.

ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ ದೊರೆಯುತ್ತದೆ, ಗುಣಿಸಿದರೆ ಸಾಮರ್ಥ್ಯ. ಉದಾಹರಣೆಗೆ, 230 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುವ ನೀರು ಕಾಯಿಸುವ ಕಾಯಿಲ್:

ರೋಧ = 230 ÷ 5 = 46 ಓಮ್
ಸಾಮರ್ಥ್ಯ = 230 × 5 = 1,150 ವ್ಯಾಟ್

ಇದೇ ನಿಯಮ ದೇಹಕ್ಕೂ ಅನ್ವಯಿಸುತ್ತದೆ. ಚರ್ಮ ಒದ್ದೆಯಾದಾಗ ದೇಹದ ರೋಧವು ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ ಹರಿಯುವ ಪ್ರವಾಹ 230 ÷ 1,000 = 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಹೃದಯ ನಿಲ್ಲಲು ಇಷ್ಟು ಸಾಕು. ಆದರೆ 5 ಆಂಪಿಯರ್‌ನ ಫ್ಯೂಸ್ ಕರಗಲು ಸಾಲದು. ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಆದ್ದರಿಂದ ಸ್ಟಾರ್ಟರ್ ಮುಟ್ಟುವ ಮುನ್ನ ಕೈ ಒರೆಸಿಕೊಳ್ಳುವುದು, ರಬ್ಬರ್ ಪಾದರಕ್ಷೆ ಧರಿಸುವುದು, ಅರ್ಥಿಂಗ್ ಪರೀಕ್ಷಿಸಿಕೊಳ್ಳುವುದು ಹಾಗೂ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿಕೊಳ್ಳುವುದು ಅವಶ್ಯ.