ವಾಹನ ಚಾಲನೆ ಮತ್ತು ಮೊಬೈಲ್ ಸಂಭಾಷಣೆ

ಪುಣೆಯ ಹಡಪಸರವು ಸೋಲಾಪುರ ರಸ್ತೆಯ ಹೆಬ್ಬಾಗಿಲು. ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಕನ್ನಡಿಗರು ಹಬ್ಬ ಹರಿದಿನಗಳಿಗೆ ಊರಿಗೆ ಹೊರಡುವುದು ಬಹುಮಟ್ಟಿಗೆ ಈ ದಾರಿಯಿಂದಲೇ. ಸಂಜೆ ಮಗರಪಟ್ಟಾದ ಕಚೇರಿಗಳು ಬಿಡುವ ವೇಳೆಗೆ ಗಾಡಿತಳದಲ್ಲಿ ಒಂದು ಗಳಿಗೆ ನಿಂತು ನೋಡಿದರೆ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಕತ್ತು ವಾಲಿಸಿದ ಸ್ಕೂಟರ್ ಸವಾರರು ಕಾಣುತ್ತಾರೆ. ಹೆಲ್ಮೆಟ್ಟಿನೊಳಗೆ ಅದನ್ನು ತುರುಕಿಕೊಂಡವರೂ ಕಾಣುತ್ತಾರೆ. ಇವರನ್ನು ಎಲ್ಲರೂ ಹಳಿಯುವರು. ಆದರೆ ಬ್ಲೂಟೂತ್ ಸಾಧನದ ನೆರವಿನಿಂದ ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಮಾತನಾಡುವ ಕಾರಿನವರನ್ನು ಜಾಗರೂಕರೆಂದು ಭಾವಿಸುವುದು ರೂಢಿ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕರ ಚಾಲನೆಯೆಂದು ಹೆಸರಿಸಿ ಹೇಳಿದೆ. ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು, ಕಾರಾಗೃಹವಾಸಕ್ಕೂ ಅವಕಾಶವುಂಟು. ಕಾಯಿದೆ ಕೈಯನ್ನು ಹೆಸರಿಸಿತೆಂದ ಮಾತ್ರಕ್ಕೆ ಅಪಾಯವೂ ಕೈಯಲ್ಲೇ ಇದೆಯೆಂದು ಜನರು ತಿಳಿದರು. ವೈದ್ಯವಿಜ್ಞಾನದ ಅಭಿಪ್ರಾಯ ಬೇರೆ.

ಟೊರೊಂಟೊ ನಗರದಲ್ಲಿ ಅಪಘಾತಕ್ಕೊಳಗಾದ 699 ಚಾಲಕರ ಫೋನ್ ಕರೆಗಳ ದಾಖಲೆಯನ್ನು ರೆಡೆಲ್‌ಮೈಯರ್ ಮತ್ತು ತಿಬ್‌ಶಿರಾನಿ ಎಂಬ ಸಂಶೋಧಕರು ಪರಿಶೀಲಿಸಿ 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಾತನಾಡುತ್ತಿರುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟಾಗಿತ್ತು. ಕೈ ಬಿಡುವಾಗಿಸುವ ಸಾಧನದಿಂದ ವಿಶೇಷ ರಕ್ಷಣೆಯೇನೂ ಕಂಡುಬರಲಿಲ್ಲ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ, ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದವರನ್ನು ಕುರಿತ 2005ರ ಅಧ್ಯಯನವೂ ಇದನ್ನೇ ಹೇಳಿತು.

ಇದಕ್ಕೆ ಕಾರಣ ಮೆದುಳಿನ ಸ್ವಭಾವದಲ್ಲಿದೆ. ಮಾತನ್ನು ಕೇಳಿ, ಅರ್ಥಮಾಡಿಕೊಂಡು, ಉತ್ತರವನ್ನು ಹೊಂದಿಸುವುದು ಅವಧಾನವನ್ನು ಬೇಡುವ ಕೆಲಸ. ದಾರಿಯನ್ನು ಗಮನಿಸುವುದೂ ಅಂತಹುದೇ. ಇರುವ ಅವಧಾನ ಒಂದೇ. ಒಂದೇ ನಿವೇಶನವನ್ನು ಎರಡು ಸಾಲಗಳಿಗೆ ಅಡವಿಟ್ಟಂತೆ, ಇಬ್ಬರಿಗೂ ಪೂರ್ಣ ಭದ್ರತೆ ದೊರೆಯದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಚಾಲಕರ ದೃಷ್ಟಿಯ ಚಲನೆಯನ್ನೇ ಅಳೆದು ಪರೀಕ್ಷಿಸಿದರು. ಹ್ಯಾಂಡ್ಸ್-ಫ್ರೀ ಫೋನಿನಲ್ಲಿ ಮಾತನಾಡುತ್ತಿದ್ದವರು, ತಮ್ಮ ಕಣ್ಣು ನೇರವಾಗಿ ನಾಟಿದ್ದ ವಸ್ತುಗಳನ್ನು ಸಹ ಅನಂತರ ಗುರುತಿಸಲಾರದೆ ಹೋದರು. ಕಣ್ಣು ನೋಡಿತ್ತು, ಮನಸ್ಸು ಕಂಡಿರಲಿಲ್ಲ.

ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಮನಸ್ಸು ಎರಡೇ ಸೆಕೆಂಡು ಬೇರೆಡೆ ಹರಿದರೆ 44 ಮೀಟರ್ ಕುರುಡು ಪಯಣ! ಕಬ್ಬು ನುರಿಸುವ ಕಾಲದಲ್ಲಿ ಸೋಲಾಪುರ ರಸ್ತೆಯಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರು ಗಾಡಿಗಳು ರಾತ್ರಿ ಸಾಲಾಗಿ ಚಲಿಸುವುದನ್ನು ಬಲ್ಲವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಪಕ್ಕದಲ್ಲಿ ಕುಳಿತ ಪತ್ನಿಯೊಡನೆ ಮಾತನಾಡುವುದೂ ತಪ್ಪೇ ಎಂದು ಕೆಲವರು ಕೇಳುವುದುಂಟು. ಉಚಿತವಾದ ಪ್ರಶ್ನೆಯೇ. ಆದರೆ ಪಕ್ಕದಲ್ಲಿರುವವರು ದಾರಿಯನ್ನು ನೋಡುತ್ತಿರುತ್ತಾರೆ. ಲಾರಿಯೊಂದು ಅಡ್ಡ ಬಂದರೆ ತಾವಾಗಿ ಮಾತು ನಿಲ್ಲಿಸುತ್ತಾರೆ, "ರೀ, ಮುಂದ ನೋಡ್ರಿ" ಎಂದು ಎಚ್ಚರಿಸುತ್ತಾರೆ. ಸ್ಟ್ರೇಯರ್ ತಂಡದ 2008ರ ಪ್ರಯೋಗದಲ್ಲಿಯೂ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಫೋನಿನ ಆಚೆ ತುದಿಯಲ್ಲಿರುವವರಿಗೆ ಲಾರಿಯೂ ಕಾಣದು, ತಿರುವೂ ಕಾಣದು. ಇಂಡಿಯ ಮನೆಯಲ್ಲೋ ಆಳಂದದ ಮನೆಯಲ್ಲೋ ಕಾದು ಕುಳಿತ ತಾಯಿ, "ಎಲ್ಲಿತನಕ ಬಂದ್ಯೋ ತಮ್ಮಾ?" ಎಂದು ಗಳಿಗೆಗೊಮ್ಮೆ ಕೇಳುವುದು ಕೇವಲ ಮಮತೆಯಿಂದ. ಆ ಮಮತೆಯ ಕರೆಯೇ ಮಗನ ಗಮನವನ್ನು ಕದಿಯುತ್ತಿರುವುದು ಆಕೆಗೆ ತಿಳಿದಿರಲಾರದು. ಚಾಲಕನಿಗೆ ಬೋಧಿಸುವವರು ಬಹಳ. ಕರೆ ಮಾಡುವವರಿಗೆ ಹೇಳುವವರಿಲ್ಲ.

ಆದಕಾರಣ ಹೊರಡುವ ಮುನ್ನವೇ ಮನೆಯವರಿಗೆ ತಂಗುವ ಸ್ಥಳಗಳನ್ನು ತಿಳಿಸಿಡುವುದು ಲೇಸು: ಇಂದಾಪುರದಲ್ಲಿ ಚಹಕ್ಕೆ ನಿಂತಾಗ ಒಂದು ಕರೆ, ಸೋಲಾಪುರ ತಲುಪಿದಾಗ ಇನ್ನೊಂದು. ನಡುವೆ ಫೋನು ಎತ್ತಲಾರೆನೆಂದು ಮೊದಲೇ ಹೇಳಿದ್ದರೆ ಅವರಿಗೂ ಗಾಬರಿಯಾಗದು. ದಾರಿ ತೋರಿಸುವ ನಕ್ಷೆಯನ್ನು ಹಡಪಸರದಲ್ಲಿ ಕಾರು ನಿಂತಿರುವಾಗಲೇ ಹೊಂದಿಸಿಕೊಳ್ಳಬೇಕು. ಸಹಪ್ರಯಾಣಿಕರಿದ್ದರೆ ಫೋನು ಅವರ ಕೈಯಲ್ಲಿರಲಿ. ಒಬ್ಬಂಟಿಗರು ಅದನ್ನು ಮೌನಸ್ಥಿತಿಯಲ್ಲಿಟ್ಟು ಹಿಂದಿನ ಸೀಟಿನ ಚೀಲದಲ್ಲಿ ಇರಿಸಬೇಕು. ಕೈಗೆ ಎಟುಕುವಂತಿದ್ದರೆ ಮನಸ್ಸು ಅತ್ತಲೇ ಹರಿಯುವುದು.