ಹೊತ್ತು ಹೋಗುವ ಮೂರು ಕಾಲಿನ ಲೆಕ್ಕ

ನನ್ನ ಖರ್ಚಿನ ಪುಸ್ತಕದಲ್ಲಿ ಟ್ರೈಪಾಡ್ ಎಂಬ ಬಾಬ್ತು ಮೂರು ಸಲ ಬಂದಿದೆ. 2016ರಲ್ಲಿ 1,350 ರೂಪಾಯಿ, 2018ರಲ್ಲಿ 7,800, 2021ರಲ್ಲಿ 13,500. ಮೊದಲ ಟ್ರೈಪಾಡಿನ ದೆಸೆಯಿಂದ ಆದ ಲೆನ್ಸ್ ರಿಪೇರಿಗೆ ಇನ್ನೊಂದು 4,600. ಮೊದಲೆರಡರ ಬೆಲೆಗೆ ಈ ರಿಪೇರಿ ಸೇರಿಸಿದರೆ 13,750 ಆಗುತ್ತದೆ. ಅಂದರೆ ಸರಿಯಾದದ್ದನ್ನು ಕೊಳ್ಳುವ ಮುಂಚೆಯೇ ಅದರ ಬೆಲೆಗಿಂತ 250 ರೂಪಾಯಿ ಹೆಚ್ಚಿಗೆ ಕಳೆದುಕೊಂಡಿದ್ದೆ. ಪ್ರವಾಸಕ್ಕೆ ಕ್ಯಾಮೆರಾ ಒಯ್ಯುವ ಎಷ್ಟೋ ಮಂದಿ ಇದೇ ದಾರಿಯಲ್ಲಿ ದುಡ್ಡು ಕಳೆಯುವುದನ್ನು ನೋಡುತ್ತಿರುವುದರಿಂದ ಈ ಲೆಕ್ಕವನ್ನು ಬಿಚ್ಚಿಡುತ್ತಿದ್ದೇನೆ.

ಮೊದಲನೆಯದನ್ನು ಕೊಂಡ ಬಗೆ ಹೀಗೆ. ಕ್ಯಾಮೆರಾ ಮತ್ತು ಲೆನ್ಸಿಗೆ ಕೂಡಿಟ್ಟದ್ದೆಲ್ಲ ಸುರಿದಾಗಿತ್ತು. ಕೈಯಲ್ಲಿ ಉಳಿದ ಚಿಲ್ಲರೆಯಲ್ಲಿ ಬಂದದ್ದು ಆ ಟ್ರೈಪಾಡು. ತೂಕ ಕಡಿಮೆ, ನೋಡಲು ಚೆಂದ, ಕಾಲಿನ ಲಾಕುಗಳೆಲ್ಲ ಪ್ಲಾಸ್ಟಿಕ್. ಆಗಸ್ಟ್ ತಿಂಗಳಲ್ಲಿ ಜೋಗಕ್ಕೆ ಹೋದೆವು. ಶರಾವತಿ ತುಂಬಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ 253 ಮೀಟರ್ ಕೆಳಕ್ಕೆ ಬೀಳುತ್ತಿದ್ದ ದಿನ. ಮಂಜು ಬಂದು ಮುಚ್ಚುತ್ತದೆ, ಸರಿಯುತ್ತದೆ, ಮತ್ತೆ ಮುಚ್ಚುತ್ತದೆ. ನೀರು ಹತ್ತಿಯ ಎಳೆಯಂತೆ ಕಾಣಬೇಕೆಂದು ಅರ್ಧ ಸೆಕೆಂಡಿನ ಶಟರ್ ಇಟ್ಟು ಮಂಜು ಸರಿಯುವುದನ್ನೇ ಕಾಯುತ್ತಾ ನಿಂತಿದ್ದೆ. ಕಣಿವೆಯಿಂದ ಒಂದು ಗಾಳಿ ಎದ್ದು ಬಂತು. ಟಕ್ ಎಂದು ಸಣ್ಣ ಸದ್ದು. ಒಂದು ಕಾಲಿನ ಲಾಕು ಸೀಳಿ, ಕೆಳಗಿನ ಕೊಳವೆ ಮೇಲಿನದರೊಳಕ್ಕೆ ಜಾರಿತು. ಕ್ಯಾಮೆರಾದ ಪಟ್ಟಿ ಕೈಗೆ ಸುತ್ತಿಕೊಂಡಿದ್ದರಿಂದ ಬಾಡಿ ಉಳಿಯಿತು. ಲೆನ್ಸಿನ ಮೂತಿ ಕಲ್ಲಿಗೆ ಬಡಿಯಿತು. ಬೈಸಿಕೊಳ್ಳಬೇಕಾದ್ದು ಮಾರಿದ ಅಂಗಡಿಯಲ್ಲ. ಐವತ್ತು ಸಾವಿರದ ಸಾಮಾನನ್ನು ಐವತ್ತು ರೂಪಾಯಿಯೂ ಬಾಳದ ಒಂದು ಲಾಕಿನ ಮೇಲೆ ನಿಲ್ಲಿಸಿದ ತಪ್ಪು ನನ್ನದು.

ಪೆಟ್ಟು ತಿಂದವರು ವಿರುದ್ಧ ದಿಕ್ಕಿಗೆ ಓಡುತ್ತಾರೆ. ನಾನೂ ಓಡಿದೆ. ಎರಡನೆಯದು ದಪ್ಪ ಕಾಲಿನ, ಕ್ಯಾಮೆರಾ ಕೂರಿಸುವ ಹೆಡ್ ಸೇರಿ 2.3 ಕೆ.ಜಿ. ತೂಗುವ ಅಲ್ಯೂಮಿನಿಯಂ ಟ್ರೈಪಾಡು. ಬಂಡೆಯಂತೆ ನಿಲ್ಲುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಮಡಚಿದರೂ 65 ಸೆಂಟಿಮೀಟರ್ ಉದ್ದ. ಬ್ಯಾಗಿನೊಳಗೆ ಹಿಡಿಸುತ್ತಿರಲಿಲ್ಲ, ಪಕ್ಕಕ್ಕೆ ಕಟ್ಟಿದರೆ ಬಸ್ಸಿನಲ್ಲಿ ಪಕ್ಕದವರ ಮುಖಕ್ಕೆ ತಾಗುತ್ತಿತ್ತು. ಒಂದು ಭಾನುವಾರ ಅರಮನೆಯ ದೀಪ ತೆಗೆಯಲೆಂದು ಅದನ್ನು ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ನಂದಿಯ ಹತ್ತಿರ ಬರುವಷ್ಟರಲ್ಲಿ ಬಲ ಹೆಗಲು ಹಿಡಿದುಕೊಂಡಿತ್ತು. ಆಮೇಲೆ ಪ್ರತಿ ಪ್ರವಾಸದ ಹಿಂದಿನ ರಾತ್ರಿ ಅದನ್ನು ಬ್ಯಾಗಿನ ಪಕ್ಕ ತಂದಿಡುವುದು, ಬೆಳಿಗ್ಗೆ ಬೀರುವಿನ ಮೇಲೆ ವಾಪಸ್ ಇಡುವುದು. ಮೂರು ವರ್ಷದ ಫೋಟೊ ಫೋಲ್ಡರುಗಳನ್ನು ತೆರೆದು ದಿನಾಂಕ ಎಣಿಸಿದೆ. ಅದು ಮನೆಯಿಂದ ಆಚೆ ಹೋದದ್ದು ಒಂಬತ್ತೇ ಸಲ. ಸಲಕ್ಕೆ 867 ರೂಪಾಯಿ ಬಿತ್ತು.

ಈಗಿರುವುದು 1.4 ಕೆ.ಜಿ., ಮಡಚಿದರೆ 40 ಸೆಂಟಿಮೀಟರ್. ಬೆನ್ನ ಬ್ಯಾಗಿನ ಪಕ್ಕದಲ್ಲಿ ನೀರಿನ ಬಾಟಲಿ ಇಡುವ ಜೇಬಿನಲ್ಲಿ ನಿಲ್ಲುತ್ತದೆ. ಇಲ್ಲಿಯವರೆಗೆ ಕನಿಷ್ಠ 140 ಸಲ ಬಳಸಿದ್ದೇನೆ, ಅಂದರೆ ಸಲಕ್ಕೆ 96 ರೂಪಾಯಿ. ಮೂರರಲ್ಲಿ ಹೆಚ್ಚು ಬೆಲೆ ಕೊಟ್ಟದ್ದು ಇದಕ್ಕೇ, ಅಗ್ಗವಾಗಿ ಬಿದ್ದದ್ದೂ ಇದೇ. ಆ ಸಂಖ್ಯೆ ಇನ್ನೂ ಇಳಿಯುತ್ತಲೇ ಇದೆ.

ಇಲ್ಲಿ ಸವಕಳಿಯ ಮಾತು ಬರುತ್ತದೆ. ಕ್ಯಾಮೆರಾ ಬಾಡಿ ಕೊಂಡ ಮರುದಿನದಿಂದ ಬೆಲೆ ಕಳೆದುಕೊಳ್ಳುತ್ತದೆ. 42,000ಕ್ಕೆ ಕೊಂಡ ನನ್ನ ಹಳೆಯ ಬಾಡಿಗೆ ಏಳು ವರ್ಷದ ನಂತರ ಅಂಗಡಿಯವರು ಹೇಳಿದ್ದು 9,000. ಸೆನ್ಸರ್ ಹಳೆಯದಾಗುತ್ತದೆ, ಹೊಸ ಮಾದರಿ ಬರುತ್ತದೆ, ಬ್ಯಾಟರಿ ಸಿಗುವುದಿಲ್ಲ. ಟ್ರೈಪಾಡಿನಲ್ಲಿ ಹಳತಾಗುವಂಥದ್ದು ಏನಿದೆ? ಕ್ಯಾಮೆರಾದ ತಳದ ಕಾಲಿಂಚಿನ ತಿರುಪು ಲೋಕಕ್ಕೆಲ್ಲ ಒಂದೇ. ಹೆಡ್ಡು ಕೂರುವ ದಪ್ಪ ತಿರುಪೂ ಬಹುತೇಕ ಎಲ್ಲ ಕಡೆ ಮೂರು ಎಂಟಾಂಶ ಇಂಚಿನದೇ. ಕ್ಯಾಮೆರಾ ಬದಲಾದರೂ ಕಾಲು ಬದಲಾಗಬೇಕಿಲ್ಲ, ಹೆಡ್ ಸವೆದರೆ ಹೆಡ್ಡನ್ನಷ್ಟೇ ಬದಲಿಸಬಹುದು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುವ ವಸ್ತು. ಅಡುಗೆಮನೆಯ ಹಿತ್ತಾಳೆ ಕೊಳದಪ್ಪಲೆಯ ಸಾಲಿಗೆ ಇದನ್ನು ಸೇರಿಸಬೇಕೇ ಹೊರತು ಮೊಬೈಲಿನ ಸಾಲಿಗಲ್ಲ. ಆದರೆ ನಾವು ಬೇಗ ಸವೆಯುವ ಬಾಡಿಗೆ ಕಂತು ಕಟ್ಟುತ್ತೇವೆ, ಬಾಳುವ ಕಾಲಿಗೆ ಉಳಿದ ಚಿಲ್ಲರೆ ಕೊಡುತ್ತೇವೆ. ನಾನು ಮಾಡಿದ ಮೂಲ ತಪ್ಪು ಇದೇ. ಕ್ಯಾಮೆರಾ ಕೊಳ್ಳುವಾಗಲೇ ಟ್ರೈಪಾಡಿನ ದುಡ್ಡನ್ನು ಬೇರೆ ತೆಗೆದಿಡಬೇಕು. ಅದಕ್ಕಾಗಿ ಒಂದು ಮೆಟ್ಟಿಲು ಕೆಳಗಿನ ಬಾಡಿ ಕೊಂಡರೂ ನಷ್ಟವಿಲ್ಲ.

ಹಾಗೆಂದು ಅಂಗಡಿಯಲ್ಲಿರುವ ಅತಿ ಹಗುರದ್ದಕ್ಕೆ ದುಡ್ಡು ಸುರಿಯಬೇಕೆಂದಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ ಗಿಟ್ಜೊ ಕಂಪನಿ 1994ರಲ್ಲಿ ಕಾರ್ಬನ್ ಫೈಬರ್ ಟ್ರೈಪಾಡು ತಂದ ಮೇಲೆ ತೂಕ ಇಳಿಸುವುದೇ ಒಂದು ವ್ಯಾಪಾರವಾಯಿತು. ಆ ಇಳಿಕೆಗೆ ನಾವು ಕೊಡುವ ದರ ಎಷ್ಟೆಂದು ಒಂದು ಉದಾಹರಣೆಯಲ್ಲಿ ನೋಡಿ. ಅಮೆರಿಕದ ಪೀಕ್ ಡಿಸೈನ್ 2019ರಲ್ಲಿ ಪ್ರವಾಸಕ್ಕೆಂದೇ ಒಂದು ಟ್ರೈಪಾಡು ತಂದಿತು. ಅಲ್ಯೂಮಿನಿಯಂನದು 1.56 ಕೆ.ಜಿ., ಸುಮಾರು 350 ಡಾಲರ್. ಅದೇ ವಿನ್ಯಾಸದ ಕಾರ್ಬನ್ ಫೈಬರಿನದು 1.27 ಕೆ.ಜಿ., ಸುಮಾರು 600 ಡಾಲರ್. 290 ಗ್ರಾಂ ಇಳಿಸಲು 250 ಡಾಲರ್. ಆಗಿನ 70 ರೂಪಾಯಿಯ ಲೆಕ್ಕದಲ್ಲಿ ಒಂದು ಗ್ರಾಂ ಕಡಿಮೆ ಮಾಡಿಕೊಳ್ಳಲು 60 ರೂಪಾಯಿ. ಆ ವರ್ಷ ಒಂದು ಗ್ರಾಂ ಬೆಳ್ಳಿಗೂ ಅಷ್ಟು ಬೆಲೆಯಿರಲಿಲ್ಲ.

ಕಾರ್ಬನ್ ಫೈಬರಿನಲ್ಲಿ ಗುಣವಿಲ್ಲವೆಂದಲ್ಲ. ಅದು ಕಂಪನವನ್ನು ಬೇಗ ನುಂಗುತ್ತದೆ, ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ, ಹಿಮಾಲಯದ ಚಳಿಯಲ್ಲಿ ಮುಟ್ಟಿದರೆ ಕೈ ಕೊರೆಯುವುದಿಲ್ಲ. ವಾರಗಟ್ಟಲೆ ಚಾರಣ ಮಾಡುವವರಿಗೆ ಆ ಬೆಲೆ ಸಲ್ಲುತ್ತದೆ. ಬಸ್ಸಿಳಿದು ಎರಡು ಮೂರು ಕಿಲೋಮೀಟರ್ ನಡೆಯುವ ನನ್ನಂಥವರು ಆ 290 ಗ್ರಾಂ ಅನ್ನು ಬ್ಯಾಗಿನಲ್ಲೇ ಹುಡುಕಬಹುದು. ನಾನು ಅಡುಗೆಮನೆಯ ತಕ್ಕಡಿಯಲ್ಲಿ ಬ್ಯಾಗಿನ ಒಂದೊಂದು ಸಾಮಾನನ್ನೂ ತೂಗಿದೆ. ಎಂದೂ ಬಳಸದ ಎರಡನೇ ಲೆನ್ಸು 250 ಗ್ರಾಂ, ಹೆಚ್ಚುವರಿ ಚಾರ್ಜರು 110. ಎರಡನ್ನೂ ಮನೆಯಲ್ಲಿ ಬಿಟ್ಟೆ. ಒಂದು ಪೈಸೆಯೂ ಖರ್ಚಾಗಲಿಲ್ಲ.

ಹಗುರವಾದರೂ ಅಲುಗದೆ ನಿಲ್ಲುವುದು ಹೇಗೆ ಎಂಬಲ್ಲಿ ಎಲ್ಲರೂ ಮೋಸಹೋಗುವುದು ‘ಹೊರುವ ತೂಕ’ ಎಂದು ಡಬ್ಬಿಯ ಮೇಲೆ ಅಚ್ಚಾಗಿರುವ ಸಂಖ್ಯೆಯಿಂದ. ಅದನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿದ ಒಂದು ವಿಧಾನವಿಲ್ಲ, ತಯಾರಿಸಿದವರು ಹೇಳಿದ್ದೇ ಲೆಕ್ಕ. ಎಂಟು ಕೆ.ಜಿ. ಹೊತ್ತು ಮುರಿಯದೆ ನಿಲ್ಲುವುದು ಬೇರೆ, ಒಂದು ಕೆ.ಜಿ. ಹೊತ್ತು ನಡುಗದೆ ನಿಲ್ಲುವುದು ಬೇರೆ. ನೋಡಬೇಕಾದ್ದು ಎಲ್ಲಕ್ಕಿಂತ ಕೆಳಗಿನ ಕೊಳವೆಯನ್ನು. ಕಾಲಿನಲ್ಲಿ ಐದು ಭಾಗವಿದ್ದರೆ ಚಿಕ್ಕದಾಗಿ ಮಡಚಬಹುದು ನಿಜ, ಆದರೆ ಐದನೆಯ ಕೊಳವೆ ಊದುಬತ್ತಿ ಕೊಳವೆಯಷ್ಟು ಸಣ್ಣಗಾಗಿರುತ್ತದೆ. ಗೋಡೆಯ ದಪ್ಪ ಅಷ್ಟೇ ಇದ್ದು ಕೊಳವೆಯ ಸುತ್ತಳತೆ ಅರ್ಧವಾದರೆ, ಬಾಗದೆ ನಿಲ್ಲುವ ಶಕ್ತಿ ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ನಾಲ್ಕು ಭಾಗದ ಕಾಲನ್ನೇ ಆರಿಸಿ ಎನ್ನುತ್ತೇನೆ. ಕಾಲುಗಳು ಹಿಂದಕ್ಕೆ ತಿರುಗಿ ಹೆಡ್ಡನ್ನು ಸುತ್ತುವರಿದು ಮಡಚಿಕೊಳ್ಳುವ ಮಾದರಿ ಸಿಗುತ್ತದೆ, ನಾಲ್ಕು ಭಾಗವಿದ್ದೂ ಮೊಳಕ್ಕಿಂತ ಉದ್ದವಾಗುವುದಿಲ್ಲ. ಇಟಲಿಯ ಮ್ಯಾನ್‌ಫ್ರೊಟ್ಟೊ 2013ರಲ್ಲಿ ತಂದ ಬಿಫ್ರೀ ಆ ಜಾತಿಯದು: 40 ಸೆಂಟಿಮೀಟರ್, 1.4 ಕೆ.ಜಿ.

ಮೂರನೆಯದನ್ನು ಕೊಳ್ಳುವಾಗ ನನ್ನ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದಿದ್ದೆ. ಕೌಂಟರಿನಲ್ಲಿದ್ದ ಹುಡುಗನಿಗೆ ಹೇಳಿದೆ, ‘ಕಾಲು ಪೂರ್ತಿ ಎಳೆದು ನಿಲ್ಲಿಸಪ್ಪ, ನಡುವಿನ ಕಂಬ ಮಾತ್ರ ಎತ್ತಬೇಡ.’ ಜೂಮ್ ಪೂರ್ತಿ ಚಾಚಿ, ಎದುರಿನ ಕಪಾಟಿನ ಬೆಲೆಚೀಟಿಗೆ ಫೋಕಸ್ ಮಾಡಿ, ಪರದೆಯಲ್ಲಿ ಅದನ್ನು ಹತ್ತು ಪಟ್ಟು ಹಿಗ್ಗಿಸಿದೆ. ಆಮೇಲೆ ಲೆನ್ಸಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಪರದೆಯ ಮೇಲಿನ ಅಂಕಿಗಳು ಥರಥರ ನಡುಗಿ ಒಂದು ಎಣಿಸುವಷ್ಟರಲ್ಲಿ ನಿಂತವು. ನಡುವಿನ ಕಂಬ ಎತ್ತಿ ಮತ್ತೆ ತಟ್ಟಿದೆ. ಮೂರು ಎಣಿಸಿದರೂ ಅಂಕಿಗಳು ತೂಗುತ್ತಿದ್ದವು. ಪಕ್ಕದಲ್ಲಿದ್ದ, ಸಾವಿರ ರೂಪಾಯಿ ಕಡಿಮೆ ಬೆಲೆಯ ಐದು ಭಾಗದ ಟ್ರೈಪಾಡಿನಲ್ಲಿ ಕಂಬ ಎತ್ತದೆಯೇ ಅಷ್ಟು ನಡುಕವಿತ್ತು. ಹುಡುಗನೂ ಬಗ್ಗಿ ನೋಡಿದ. ‘ಸರ್, ಇದನ್ನ ಯಾರೂ ಹಿಂಗೆ ನೋಡಿರ್ಲಿಲ್ಲ’ ಅಂದ. ಎರಡು ನಿಮಿಷದ ಕೆಲಸ, ಅದು ತಿಳಿಸಿದ್ದನ್ನು ಡಬ್ಬಿಯ ಯಾವ ಬರಹವೂ ತಿಳಿಸದು. ಹೆಡ್ಡಿನ ಗುಂಡನ್ನು ಬಿಗಿ ಮಾಡಿ ಕೈಬಿಟ್ಟಾಗ ಲೆನ್ಸಿನ ಮೂತಿ ಕೆಳಕ್ಕೆ ಇಳಿಯುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿಬಿಡಬೇಕು.

ಎತ್ತರದ ಬಗ್ಗೆಯೂ ಒಂದು ಮಾತು. ಕಂಬ ಎತ್ತದೆ ನಿಮ್ಮ ಗದ್ದದ ಮಟ್ಟಕ್ಕೆ ಬಂದರೆ ಸಾಕು, ಎದೆಮಟ್ಟಕ್ಕೆ ಬಂದರೂ ನಡೆಯುತ್ತದೆ. ಈಗಿನ ಕ್ಯಾಮೆರಾಗಳ ಪರದೆ ತಿರುಗುತ್ತದೆ, ಬಗ್ಗಿ ನೋಡಿಕೊಳ್ಳಬಹುದು. ಕಣ್ಣಿನ ಮಟ್ಟವೇ ಬೇಕೆಂದು ಹೊರಟರೆ ತೂಕವೂ ಏರುತ್ತದೆ, ಬಿಲ್ಲೂ ಏರುತ್ತದೆ. ಗಾಳಿಯಿದ್ದರೆ ಕಂಬದ ಕೆಳಗಿನ ಕೊಕ್ಕೆಗೆ ಬ್ಯಾಗು ನೇತುಹಾಕಿ, ಅದರ ತಳ ನೆಲಕ್ಕೆ ತಾಗುವ ಹಾಗೆ. ಗಾಳಿಯಲ್ಲಿ ತೂಗಾಡುವ ಬ್ಯಾಗು ಟ್ರೈಪಾಡನ್ನೂ ತೂಗಿಸುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳಿನ ಅಲುಗಾಟವೂ ತಪ್ಪುತ್ತದೆ. ಇವಕ್ಕೆ ದುಡ್ಡು ಬೇಡ.

ಕೊಳ್ಳುವುದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನೀವು ಹೋಗುವ ಜಾಗಗಳಲ್ಲಿ ಅದನ್ನು ನಿಲ್ಲಿಸಲು ಬಿಡುತ್ತಾರೆಯೇ? ಹಂಪಿ, ಬಾದಾಮಿ, ಪಟ್ಟದಕಲ್ಲು, ಸೋಮನಾಥಪುರ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಕ್ಯಾಮೆರಾ ಒಯ್ಯಬಹುದು, ಟ್ರೈಪಾಡಿಗೆ ಮೊದಲೇ ಅನುಮತಿ ಪಡೆದಿರಬೇಕು. ನಿಮ್ಮ ಪ್ರವಾಸವೆಲ್ಲ ಗುಡಿ ಗೋಪುರಗಳದ್ದೇ ಆದರೆ ಆ ದುಡ್ಡನ್ನು ಬ್ಯಾಂಕಿನಲ್ಲೇ ಬಿಡಿ. ಅಲುಗಾಟ ತಡೆಯುವ ವ್ಯವಸ್ಥೆ ಈಗ ಕ್ಯಾಮೆರಾದೊಳಗೇ ಇದೆ, ಮಂದ ಬೆಳಕಿನಲ್ಲೂ ಕೈಯಲ್ಲಿ ಹಿಡಿದೇ ತೆಗೆಯಬಹುದು. ಜಲಪಾತ, ಸಮುದ್ರದ ಸಂಜೆ, ರಾತ್ರಿಯ ನಕ್ಷತ್ರ, ಬೆಟ್ಟದ ಮೇಲಿಂದ ಊರ ದೀಪ, ಇವು ನಿಮ್ಮನ್ನು ಎಳೆಯುವುದಾದರೆ ಮಾತ್ರ ಟ್ರೈಪಾಡಿಗೆ ಕೆಲಸವಿದೆ. ವಿಮಾನದಲ್ಲಿ ಓಡಾಡುವವರು ಕೈಬ್ಯಾಗಿನ 7 ಕೆ.ಜಿ. ಮಿತಿಯನ್ನೂ ನೆನಪಿಡಬೇಕು. ತಪಾಸಣೆಯವರು ಒಳಗೆ ಬಿಡದೆಯೂ ಇರಬಹುದು. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿಗೆ ಹಾಕಿಬಿಡುತ್ತೇನೆ.

ಅನುಮಾನವಿದ್ದರೆ ಬಾಡಿಗೆಗೆ ತನ್ನಿ. ಮೈಸೂರು, ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆ ಕೊಡುವವರಲ್ಲಿ ಟ್ರೈಪಾಡೂ ಇರುತ್ತದೆ. ನಾನು ದಿನಕ್ಕೆ 200 ರೂಪಾಯಿಯಂತೆ ಎರಡು ದಿನ ಮರವಂತೆಗೆ ಒಯ್ದು ಬಂದ ಮೇಲೆಯೇ ಮೂರನೆಯದರ ತೂಕ ಗೊತ್ತುಮಾಡಿಕೊಂಡದ್ದು. 400 ರೂಪಾಯಿ ಕೊಟ್ಟು ನನ್ನ ಹೆಗಲು ಎಷ್ಟು ಹೊರುತ್ತದೆ ಎಂದು ತಿಳಿದುಕೊಂಡೆ. 2018ರಲ್ಲಿ ಆ ಬುದ್ಧಿ ಬಂದಿದ್ದರೆ 7,800 ಉಳಿಯುತ್ತಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಕ್ಕೂ ಹೆದರಬೇಕಿಲ್ಲ. ಒಂದೊಂದು ಲಾಕನ್ನೂ ಬಿಚ್ಚಿ ಹಾಕಿ, ಕಾಲಿನ ಮೇಲೆ ಭಾರ ಬಿಟ್ಟು ಜಾರುತ್ತದೆಯೇ ನೋಡಿ, ಕೊಳವೆಯಲ್ಲಿ ತಗ್ಗು ಬಿರುಕು ಇದೆಯೇ ಎಂದು ಉಗುರಿನಿಂದ ಸವರಿ ನೋಡಿ. ಕಂತಿನ ಆಸೆಗೆ ಬೀಳಬೇಡಿ. ಬಡ್ಡಿಯಿಲ್ಲ ಎನ್ನುವ ಕಂತಿನಲ್ಲೂ ಬ್ಯಾಂಕು ಬಡ್ಡಿ ಲೆಕ್ಕ ಹಾಕುತ್ತದೆ, ಅಷ್ಟನ್ನು ರಿಯಾಯಿತಿಯಾಗಿ ಕಳೆಯುತ್ತಾರೆ, ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿ.ಎಸ್.ಟಿ. ಮಾತ್ರ ನಮ್ಮ ತಲೆಗೇ ಬರುತ್ತದೆ. ಹತ್ತು ಹದಿಮೂರು ಸಾವಿರದ ವಸ್ತುವಿಗೆ ಆರು ತಿಂಗಳು ದುಡ್ಡು ಕೂಡಿಸುವುದೇ ಮೇಲು.

ಕೊಂಡ ಮೇಲಿನ ಖರ್ಚು ತೀರಾ ಕಡಿಮೆ. ಸಮುದ್ರಕ್ಕೆ ಹೋಗಿ ಬಂದ ರಾತ್ರಿಯೇ ಕಾಲುಗಳನ್ನು ಪೂರ್ತಿ ಎಳೆದು ಬಕೆಟ್ಟಿನ ಸಿಹಿನೀರಿನಲ್ಲಿ ಅದ್ದಿ ತೊಳೆಯುತ್ತೇನೆ. ಮರಳಿನ ಕಣ ಲಾಕಿನೊಳಗೆ ಉಳಿದರೆ ತಿರುಗಿಸುವಾಗ ಕರಕರ ಎನ್ನುತ್ತದೆ. ಆ ಸದ್ದು ಕೇಳಿದರೆ ಬಿಚ್ಚಿ ಒರೆಸಿ, ಒಣಗಿಸಿ, ತೆಳ್ಳಗೆ ಗ್ರೀಸ್ ಸವರಿ ಮತ್ತೆ ಜೋಡಿಸುತ್ತೇನೆ. ಇಷ್ಟು ವರ್ಷದಲ್ಲಿ ಹೊಸದಾಗಿ ಹಾಕಿಸಿದ್ದು ಮೂರು ರಬ್ಬರ್ ಪಾದ, 240 ರೂಪಾಯಿ.

ಬೀರುವಿನ ಮೇಲಿದ್ದ ಆ ದೊಡ್ಡ ಟ್ರೈಪಾಡನ್ನು ಹೋದ ವರ್ಷ ನಮ್ಮ ಬೀದಿಯ ಸ್ಟುಡಿಯೊದವರಿಗೆ 3,000ಕ್ಕೆ ಕೊಟ್ಟೆ. ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟೂಲಿನ ಎದುರು, ನೆಲಕ್ಕೆ ಅಂಟಿಸಿದ ಟೇಪಿನ ಮೂರು ಗುರುತಿನ ಮೇಲೆ ಅದನ್ನು ನಿಲ್ಲಿಸಿಕೊಂಡಿದ್ದಾರೆ. ಅಲ್ಲಿಂದ ಅದನ್ನು ಯಾರೂ ಎತ್ತುವುದಿಲ್ಲ. ದಿನಕ್ಕೆ ಹತ್ತು ಹದಿನೈದು ಮಂದಿ ಬಂದು ಅದರ ಮುಂದೆ ಕೂತು ಹೋಗುತ್ತಾರೆ. ಮನೆಗೆ ಬಂದು 3,000 ರೂಪಾಯಿಯನ್ನು ಪುಸ್ತಕದ ಜಮಾ ಕಡೆಗೆ ಬರೆದುಕೊಂಡೆ.